ಎಂಟು ಮೂಲೆಯ ಹೆಸರು

ತಾತನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮಲ್ಲಿ ಹಳೆಯ ರೂಢಿ. ಹಾಗಂತ ಮೊಮ್ಮಗನೂ ನಶ್ಯ ಏರಿಸಲಿ ಎಂದು ಯಾರೂ ಕಾಯುವುದಿಲ್ಲ. ಕಾರಿನ ವಿಷಯದಲ್ಲಿ ಮಾತ್ರ ಜನ ಅಷ್ಟು ಉದಾರಿಗಳಲ್ಲ. ಎಂಟು ಮೂಲೆಯ ಚೌಕಟ್ಟಿನೊಳಗೆ ಎಂ, ಜಿ ಎಂಬ ಎರಡಕ್ಷರ ಕಂಡರೆ ಸಾಕು, ಹಳಬರು ಬಾನೆಟ್ ಎತ್ತಿ ತಾತನನ್ನು ಹುಡುಕುತ್ತಾರೆ.

ಎಂಜಿ ಅಂದರೆ ಮಾರಿಸ್ ಗ್ಯಾರೇಜಸ್. ಆಕ್ಸ್‌ಫರ್ಡಿನಲ್ಲಿ ಮಾರಿಸ್ ಕಾರು ಮಾರುತ್ತ, ರಿಪೇರಿ ಮಾಡುತ್ತ ಇದ್ದ ಅಂಗಡಿ. ಅದರ ಮ್ಯಾನೇಜರ್ ಸೆಸಿಲ್ ಕಿಂಬರ್ 1920ರ ದಶಕದಲ್ಲಿ ಸಾದಾ ಮಾರಿಸ್ ಷಾಸಿಯ, ಅಂದರೆ ಅಡಿಚೌಕಟ್ಟಿನ ಮೇಲೆ ಚೆಂದದ ಬಾಡಿ ಕೂರಿಸಿ ಮಾರತೊಡಗಿದ. 1929ರಲ್ಲಿ ಕಾರ್ಖಾನೆ ಪಕ್ಕದ ಆಬಿಂಗ್‌ಡನ್ ಊರಿಗೆ ಹೋಯಿತು. 1979ರ ಸೆಪ್ಟೆಂಬರಿನಲ್ಲಿ ಊರವರು ಅದರ ಐವತ್ತನೇ ವರ್ಷದ ಸಂಭ್ರಮ ಮಾಡಿದರು. ಪಾತ್ರೆ ತೊಳೆಯುವ ಮೊದಲೇ ಬಾಗಿಲು ಹಾಕುವ ಸುದ್ದಿ ಬಂತು. 1980ರ ಅಕ್ಟೋಬರಿನಲ್ಲಿ ಅಲ್ಲಿನ ಸ್ಪೋರ್ಟ್ಸ್ ಕಾರು ಎಂಜಿಬಿಯ ಕೊನೆಯದು ಹೊರಬಿತ್ತು. 1962ರಿಂದ ಅಲ್ಲಿಯವರೆಗೆ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ರಸ್ತೆಗಿಳಿದಿದ್ದವು.

ಹೆಸರಿನ ಮೊದಲ ಪುನರ್ಜನ್ಮ ತೀರ ಅಗ್ಗದ್ದು. 1982ರಲ್ಲಿ ಆಸ್ಟಿನ್ ಮೆಟ್ರೋ ಎಂಬ ಸಂಸಾರಸ್ಥ ಪುಟ್ಟ ಕಾರಿಗೆ ಎಂಜಿ ಬ್ಯಾಡ್ಜ್ ಅಂಟಿಸಿದರು. ಕೆಟ್ಟ ಕಾರೇನಲ್ಲ. ಆದರೆ ಹೆಸರು ಬ್ಯಾಡ್ಜಿನ ಮೇಲಿತ್ತು, ಹಳೆಯ ಎಂಜಿಬಿಯ ಮೈ ಎಲ್ಲೋ ತುಕ್ಕು ಹಿಡಿಯುತ್ತಿತ್ತು.

ಈ ತುಕ್ಕಿನದೇ ಒಂದು ಪುರಾಣ. ಎಂಜಿಬಿಗೆ ಬೇರೆಯಾಗಿ ಷಾಸಿ ಇಲ್ಲ, ಬಾಡಿಯೇ ಬೆನ್ನುಮೂಳೆ. ಬಾಗಿಲ ಕೆಳಗೆ ಉದ್ದಕ್ಕೂ ಮಲಗಿರುವ ಸಿಲ್ ಎಂಬ ತಗಡಿನ ಪೆಟ್ಟಿಗೆಯೇ ಭಾರ ಹೊರುವುದು. ಮುಂಚಕ್ರ ಎರಚಿದ ಕೆಸರು ಮಡ್‌ಗಾರ್ಡಿನ ಹಿಂದೆ ಗೂಡು ಕಟ್ಟುತ್ತದೆ, ನೀರು ಇಳಿಯುವ ತೂತು ಮುಚ್ಚುತ್ತದೆ, ಸಿಲ್ ಒಳಗಿನಿಂದ ಕೊಳೆಯುತ್ತದೆ. ಹೊರಗೆ ಬಣ್ಣ ಹೊಳೆಯುತ್ತಲೇ ಇರುತ್ತದೆ. ಜಾಕ್ ಏರಿಸಿದಾಗ ಕಾರು ಮೇಲೇಳುವ ಬದಲು ಜಾಕೇ ಒಳಗೆ ಹೋದರೆ ರೋಗ ಖಚಿತ.

ಆಗ ಟಿಂಕರಿಂಗಿನವರಲ್ಲಿ ಎರಡು ಜಾತಿ. ಒಂದು, ಕೊಳೆತದ್ದರ ಮೇಲೆಯೇ ಹೊಸ ತಗಡು ಮುಚ್ಚಿ, ಪುಟ್ಟಿ ಬಳಿದು ಕಳಿಸುವ ಜಾತಿ. ಇನ್ನೊಂದು, ಬೋಲ್ಟು ಬಿಚ್ಚಿ ಮುಂದಿನ ಮಡ್‌ಗಾರ್ಡ್ ಇಳಿಸಿ, ಹಿಂದಿನದರ ಕೆಳಅಂಚು ಕತ್ತರಿಸಿ, ಹೊರ ಸಿಲ್, ನಡುವಿನ ಪರದೆ, ಒಳ ಸಿಲ್, ಅಡಿಯ ಪಟ್ಟಿ ಎಲ್ಲವನ್ನೂ ಬದಲಿಸುವ ಜಾತಿ. ಈ ಎರಡನೆಯವರೂ ಎಡವುವ ಜಾಗ ಒಂದಿದೆ. ಟಾಪಿಲ್ಲದ ಕಾರಿನ ಸಿಲ್ ಕತ್ತರಿಸಿದರೆ ಅದನ್ನು ನೆಟ್ಟಗೆ ಹಿಡಿಯಲು ಬೇರೇನೂ ಇರುವುದಿಲ್ಲ. ನಡು ಕುಸಿದು ಬಾಗಿಲ ಸಂದು ಮೇಲ್ಗಡೆ ಕಿರಿದಾಗುತ್ತದೆ. ಹಾಗೇ ವೆಲ್ಡ್ ಮಾಡಿದರೆ ಆ ಬಾಗಿಲು ಜನ್ಮದಲ್ಲಿ ಸರಿಯಾಗಿ ಮುಚ್ಚುವುದಿಲ್ಲ. ಆದ್ದರಿಂದ ಕಾರನ್ನು ಸಮವಾಗಿ ನಿಲ್ಲಿಸಬೇಕು, ಬಾಗಿಲ ಮುಂದಿನ ಕಂಬಕ್ಕೂ ಹಿಂದಿನ ಕಂಬಕ್ಕೂ ನಡುವೆ ಕಬ್ಬಿಣದ ಪಟ್ಟಿ ಬೆಸೆಯಬೇಕು, ಒಂದು ಬದಿ ಮುಗಿಯುವವರೆಗೆ ಇನ್ನೊಂದನ್ನು ಮುಟ್ಟಬಾರದು, ಪೂರ್ತಿ ಬೆಸೆಯುವ ಮುನ್ನ ಬಾಗಿಲು ತೂಗುಹಾಕಿ ಮುಚ್ಚಿ ನೋಡಬೇಕು. ಗುಡಿಯ ಜೀರ್ಣೋದ್ಧಾರ ಬಲ್ಲವರು ನಂಬರು ಬರೆಯದೆ ಕಲ್ಲು ಕೀಳುವುದಿಲ್ಲವಲ್ಲ, ಹಾಗೆ.

ಇಷ್ಟು ತಾಪತ್ರಯ ಕಂಡೇ ಇರಬೇಕು, ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಸಂಸ್ಥೆ ಹಳೆಯ ಅಚ್ಚುಗಳನ್ನು ಹುಡುಕಿ ತಂದು, 1988ರಲ್ಲಿ ಫ್ಯಾರಿಂಗ್‌ಡನ್ನಿನಲ್ಲಿ ಇಡೀ ಎಂಜಿಬಿ ಬಾಡಿಯನ್ನೇ ಹೊಸದಾಗಿ ಮಾಡಿ ಮಾರತೊಡಗಿತು. ಕಾರಲ್ಲ, ಬರಿ ಮೈ. ಹಳೆ ಕಾರಿನ ಎಂಜಿನ್, ಸ್ಟೀರಿಂಗ್, ವೈರಿಂಗ್ ಕಳಚಿ ಇದಕ್ಕೆ ತೊಡಿಸಿಕೊಳ್ಳಬೇಕು. ಅಂದರೆ ಸ್ಪೇರ್ ಪಾರ್ಟ್. ಆದರೆ ಎಂಜಿಗೆ ಮತ್ತೆ ಜೀವ ಬಂದದ್ದು ಇಲ್ಲಿಂದ, ಬ್ಯಾಡ್ಜಿನಿಂದಲ್ಲ. ಆಗಿನ ಒಡೆಯ ರೋವರ್ ಈ ಬಾಡಿಯನ್ನೇ ತಿದ್ದಿ, 3.9 ಲೀಟರಿನ, ಎಂಟು ಸಿಲಿಂಡರಿನ ವಿ8 ಎಂಜಿನ್ ಕೂರಿಸಿ 1992ರಲ್ಲಿ ಆರ್‌ವಿ8 ಎಂಬ ಕಾರು ತಂದಿತು. ಮಾಡಿದ್ದು ಸುಮಾರು 2000, ಬಹುಪಾಲು ಹೋದದ್ದು ಜಪಾನಿಗೆ. ಹಿಂದೆ ಎತ್ತಿನ ಗಾಡಿಯ ಕಾಲದ ಪಟ್ಟೆ ಸ್ಪ್ರಿಂಗೇ ಉಳಿದಿತ್ತು, ಜಪಾನೀಯರು ಚಿಂತಿಸಲಿಲ್ಲ.

1995ರಲ್ಲಿ ಬಂದ ಎಂಜಿಎಫ್ ಪೂರ್ತಿ ಹೊಸದು, ಎಂಜಿನ್ ಸೀಟಿನ ಹಿಂದೆ. ಮುಂದಿನ ರೇಡಿಯೇಟರಿಗೆ ನೀರು ಕಾರಿನ ಉದ್ದಕ್ಕೂ ಪೈಪಿನಲ್ಲಿ ಹೋಗಿ ಬರಬೇಕು. ನೀರು ತುಂಬುವಾಗ ಎಲ್ಲಾದರೂ ಗಾಳಿ ಉಳಿದರೆ ಎಂಜಿನ್ನಿನ ತಲೆಗೂ ಮೈಗೂ ನಡುವೆ ಕೂರುವ ಹೆಡ್ ಗ್ಯಾಸ್ಕೆಟ್ ಹೋಯಿತೆಂದೇ ಲೆಕ್ಕ. ಗ್ಯಾಸ್ಕೆಟ್ ಬದಲಿಸುವಾಗ ತಲೆಯನ್ನು ಸರಿಯಾಗಿ ಕೂರಿಸುವ ಪ್ಲಾಸ್ಟಿಕ್ ಗೂಟ (ಡೋವೆಲ್) ಬಿಸಾಕಿ ಉಕ್ಕಿನದು ಹಾಕಿಸಿದವರು ಜಾಣರು.

2005ರಲ್ಲಿ ಎಂಜಿ ರೋವರ್ ದಿವಾಳಿ. ಚೀನಾದ ನಾನ್‌ಜಿಂಗ್ ಕಂಪನಿ ಕೊಂಡಿತು, ಎರಡು ವರ್ಷದಲ್ಲಿ ಅದು ಶಾಂಘೈನ ಸಾಯಿಕ್ ಕಂಪನಿಯ ತೆಕ್ಕೆಗೆ ಬಿತ್ತು. ನಮ್ಮ ರಸ್ತೆಗಳಿಗೆ 2019ರಲ್ಲಿ ಹೆಕ್ಟರ್ ಆಗಿ ಬಂದದ್ದು ಇದೇ ಎಂಟು ಮೂಲೆ, ಗುಜರಾತಿನ ಹಾಲೋಲ್‌ನಿಂದ. ಈಗ ಸೈಬರ್‌ಸ್ಟರ್ ಎಂಬ ಇಬ್ಬರು ಕೂರುವ ಎಲೆಕ್ಟ್ರಿಕ್ ಕಾರೂ ಇದೆ, ಬಾಗಿಲು ರೆಕ್ಕೆಯಂತೆ ಮೇಲೇಳುತ್ತದೆ. ಮೊದಲ ಎಂಜಿಬಿ ಒಂದು ಟನ್ನಿಗೂ ಕಡಿಮೆ, ಇದು ಹತ್ತಿರ ಹತ್ತಿರ ಎರಡು ಟನ್. ಮೊಮ್ಮಗ ಚೆನ್ನಾಗಿ ಉಂಡು ಬೆಳೆದಿದ್ದಾನೆ.

ಇತ್ತ ತಾತನನ್ನು ಎಬ್ಬಿಸಲು ಇನ್ನೂ ಸ್ಪ್ಯಾನರ್ ಸಾಕು. ತಿಂಗಳುಗಟ್ಟಲೆ ನಿಂತ ಎಂಜಿಬಿಯಲ್ಲಿ ಇಗ್ನಿಷನ್ ಹಾಕಿದರೂ ಸದ್ದಿಲ್ಲವೆಂದರೆ ಹಿಂಚಕ್ರದ ಹತ್ತಿರವಿರುವ ಎಸ್‌ಯು ಎಂಬ ಮೇಕಿನ ಪೆಟ್ರೋಲ್ ಪಂಪಿನ ಪಾಯಿಂಟು, ಅಂದರೆ ಕರೆಂಟು ಕೂಡಿಸಿ ಬಿಡಿಸುವ ತುದಿ, ಅಂಟಿಕೊಂಡಿರುತ್ತದೆ. ಮೆಲ್ಲಗೆ ಎರಡು ಏಟು ಕೊಡಬೇಕು, ತುಸು ಗೌರವದಿಂದ. ಟಕಟಕ ಶುರುವಾಗುತ್ತದೆ. ನಿಲ್ಲದೆ ಟಕಟಕಿಸುತ್ತಲೇ ಇದ್ದರೆ ಟ್ಯಾಂಕ್ ಖಾಲಿ, ಇಲ್ಲವೇ ಎಲ್ಲೋ ಸೋರುತ್ತಿದೆ. ಎಲ್ಲ ಸರಿಯಿದ್ದರೆ ಕಾರ್ಬ್ಯುರೇಟರಿನ ಎರಡೂ ಬಟ್ಟಲು ತುಂಬುವವರೆಗೆ ಬಡಿದುಕೊಂಡು, ನಿಧಾನವಾಗಿ, ತಾನಾಗಿಯೇ ಸುಮ್ಮನಾಗುತ್ತದೆ. ಚೋಕ್ ಎಳೆದು ಚಾವಿ ತಿರುಗಿಸಬೇಕಾದದ್ದು ಆಗ.