ಕಳೆ ಗೆಲ್ಲುವುದು ವಿಷದಿಂದಲೇ?

ಪರ: ಇದು ಬೇರಿನಲ್ಲಿ ನಡೆಯುವ ಯುದ್ಧ

ಹೊರಗಿನಿಂದ ಬಂದ ಕಳೆ ಬೇಗ ಬೆಳೆಯುತ್ತದೆ, ಜಾಸ್ತಿ ಬೀಜ ಉದುರಿಸುತ್ತದೆ. ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಕಥೆ ಬಿಟ್ಟ ಹಾಗೆ. ಕಳೆ ನೆರೆಯ ಗಿಡಗಳನ್ನು ಕುಗ್ಗಿಸುವ ರಾಸಾಯನಿಕಗಳನ್ನೂ ಮಣ್ಣಿಗೆ ಬಿಡುತ್ತದೆ. ಅವು ಬೇರಿನಿಂದ ಒಸರುತ್ತವೆ, ಮಳೆನೀರಿನ ಜೊತೆ ಎಲೆಯಿಂದ ಇಳಿಯುತ್ತವೆ, ಕೊಳೆತ ತರಗೆಲೆಯಿಂದಲೂ ಬರುತ್ತವೆ. 1937ರಲ್ಲಿ ಸಸ್ಯವಿಜ್ಞಾನಿ ಹಾನ್ಸ್ ಮೋಲಿಶ್ ಇದಕ್ಕೆ ಅಲೆಲೋಪಥಿ ಎಂದು ಹೆಸರಿಟ್ಟರು.

ನನಗೆ ಹಿಡಿಸಿದ್ದು 2000ದಲ್ಲಿ ಪರಿಸರ ವಿಜ್ಞಾನಿ ರೇಗನ್ ಕ್ಯಾಲವೇ ಮತ್ತು ಅವರ ಜೊತೆಗಾರ ಪ್ರಕಟಿಸಿದ ಪ್ರಯೋಗ. ಡಿಫ್ಯೂಸ್ ನ್ಯಾಪ್‌ವೀಡ್ ಯುರೇಷಿಯಾದಿಂದ ಉತ್ತರ ಅಮೆರಿಕಕ್ಕೆ ಹೋದ ಕಳೆ. ಅದನ್ನು ಅದರ ತವರಿನ ಹುಲ್ಲುಗಳ ಜೊತೆಗೂ ಅಮೆರಿಕದ ಹುಲ್ಲುಗಳ ಜೊತೆಗೂ ಕುಂಡದಲ್ಲಿ ಬೆಳೆಸಿದರು. ಹೆಚ್ಚು ಸೊರಗಿದ್ದು ಅಮೆರಿಕದ ಹುಲ್ಲು. ಮಣ್ಣಿಗೆ ವಿಷ ಹೀರುವ ಇದ್ದಿಲು ಬೆರೆಸಿದಾಗ ಅದೇ ಹುಲ್ಲು ಚೇತರಿಸಿಕೊಂಡಿತು. ತವರಿನ ಹುಲ್ಲಿಗೆ ಈ ವಿಷ ಹಳೆಯ ಪರಿಚಯ. ಹೊಸ ನೆರೆಯವರಿಗೆ ಅದು ಎಂದೂ ಕಾಣದ ಆಯುಧ.

ಏಟು ನೇರವಾಗಿಯೇ ಬೀಳಬೇಕೆಂದೂ ಇಲ್ಲ. ಗಾರ್ಲಿಕ್ ಮಸ್ಟರ್ಡ್ ಎಂಬ ಕಳೆ ಮರದ ಸಸಿಗಳನ್ನು ನೇರವಾಗಿ ಮುಟ್ಟಬೇಕಿಲ್ಲ. ಸಸಿಯ ಬೇರಿಗೆ ಪೋಷಕಾಂಶ ತಂದುಕೊಡುವ ಶಿಲೀಂಧ್ರವನ್ನು ಹೊಸಕುತ್ತದೆ. ಆಮೇಲೆ ಸಸಿ ತಾನಾಗಿಯೇ ಸೊರಗುತ್ತದೆ.

ವಿರೋಧ: ಮೊದಲು ಬೇಲಿ ಹಾಕಿ ನೋಡಿ

ಪಾರ್ಥೇನಿಯಂ ಎಲೆ ಅರೆದು, ಸಾರ ತೆಗೆದು, ಪ್ರಯೋಗಾಲಯದ ತಟ್ಟೆಯಲ್ಲಿರುವ ಬೀಜದ ಮೇಲೆ ಸುರಿದರೆ ಮೊಳಕೆ ಕುಂಠಿತವಾಗುತ್ತದೆ. ಪಾರ್ಥೇನಿನ್ ಎಂಬ ಕಹಿ ವಸ್ತು ಅದರಲ್ಲಿದೆ, ನಿಜ. ಆದರೆ ತಟ್ಟೆ ಹೊಲವಲ್ಲ. ಮಣ್ಣಿನ ಕಣಗಳು ಇಂಥ ವಸ್ತುಗಳನ್ನು ಹಿಡಿದಿಡುತ್ತವೆ, ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ. ಬೇರಿನ ಹತ್ತಿರ ಎಷ್ಟು ಉಳಿಯುತ್ತದೆ ಎಂಬುದೇ ಪ್ರಶ್ನೆ. ನ್ಯಾಪ್‌ವೀಡ್‌ನ ಇನ್ನೊಂದು ಜಾತಿಯಲ್ಲಿ ಕ್ಯಾಟೆಚಿನ್ ಎಂಬ ವಸ್ತುವೇ ಅಪರಾಧಿ ಎಂದು 2003ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಬೇರೆ ಸಂಶೋಧಕರು ಹೊಲದ ಮಣ್ಣು ಅಗೆದು ನೋಡಿದರೆ ಅಷ್ಟು ಪ್ರಮಾಣ ಸಿಗಲೇ ಇಲ್ಲ.

ಕ್ಯಾಲಿಫೋರ್ನಿಯಾದ ಕಥೆ ಇನ್ನೂ ಚೆನ್ನಾಗಿದೆ. ಅಲ್ಲಿ ಸುವಾಸನೆಯ ಸೇಜ್ ಪೊದೆಗಳ ಸುತ್ತ ಹುಲ್ಲಿಲ್ಲದ ಬೋಳು ಉಂಗುರಗಳಿರುತ್ತವೆ. 1964ರಲ್ಲಿ ಅದಕ್ಕೆ ಎಲೆಯ ಆವಿಯೇ ಕಾರಣ ಎಂಬ ವಾದ ಬಂತು. 1970ರಲ್ಲಿ ಬಾರ್ಥಲೋಮ್ಯೂ ಎಂಬವರು ಆ ಬೋಳು ಜಾಗದ ಮೇಲೆ ತಂತಿಬಲೆಯ ಪಂಜರ ಇಟ್ಟರು. ಒಳಗೆ ಹುಲ್ಲು ಬೆಳೆಯಿತು! ಪೊದೆಯಲ್ಲಿ ಅಡಗುವ ಇಲಿ, ಮೊಲಗಳು ದೂರ ಹೋಗಲು ಹೆದರಿ ಪಕ್ಕದ್ದನ್ನೇ ಮೇಯುತ್ತಿದ್ದವು. ಸೇಜ್ ಅಲ್ಲಿನದೇ ಗಿಡ, ಹೊರಗಿನ ಕಳೆಯಲ್ಲ. ಆದರೆ ಮೋಸ ಹೋಗುವ ರೀತಿ ಒಂದೇ ಅಲ್ವಾ?

ಇನ್ನು ಇದ್ದಿಲು. ಅದೂ ಸುಮ್ನೆ ಕೂರುವ ವಸ್ತುವಲ್ಲ. ಮಣ್ಣಿನ ಪೋಷಕಾಂಶಗಳ ಲೆಕ್ಕವನ್ನೇ ಬದಲಿಸಬಲ್ಲದು. ಹುಲ್ಲು ಚೇತರಿಸಿಕೊಂಡಿದ್ದು ವಿಷ ಹೋದದ್ದಕ್ಕೋ, ಗೊಬ್ಬರ ಸಿಕ್ಕಿದ್ದಕ್ಕೋ? ಎರಡೂ ನಾಡಿನ ಹುಲ್ಲಿಗೆ ಅದೇ ಇದ್ದಿಲು ಹಾಕಿದ್ದರು ಎಂಬುದು ಪರವಾಗಿ ವಾದಿಸುವವರ ಗಟ್ಟಿ ಉತ್ತರ, ಒಪ್ಪುತ್ತೇನೆ. ಆದರೆ ಅದು ಕುಂಡದ ಉತ್ತರ. ಬಯಲಿನಲ್ಲಿ ನೆರಳಿದೆ, ನೀರಿಗಾಗಿ ಪೈಪೋಟಿಯಿದೆ, ಮೇಯುವ ಬಾಯಿಗಳಿವೆ. ಅವನ್ನೆಲ್ಲ ಒಂದೊಂದಾಗಿ ತೆಗೆದು ನೋಡುವ ಮೊದಲೇ ಕಳೆಯ ಮೇಲೆ ವಿಷದ ಆರೋಪ ಹೊರಿಸಿದರೆ ನಾನು ಒಪ್ಪುವುದಿಲ್ಲ.