ಹಳೇ ಬೂಟು, ಕೆಂಪು ಮೆಟ್ಟು

ನಮ್ಮಮ್ಮ ಪತ್ತೇದಾರಿ ಕಾದಂಬರಿ ಓದಿದವಳಲ್ಲ. ಆದರೆ ಬಾಗಿಲಲ್ಲಿ ಬಿಟ್ಟ ಚಪ್ಪಲಿ ನೋಡಿಯೇ ಬಂದವರು ಯಾರು, ಊಟಕ್ಕೆ ಉಳಿಯುತ್ತಾರೋ ಇಲ್ಲವೋ ಎಂದು ಹೇಳುತ್ತಿದ್ದಳು. "ಹಿಮ್ಮಡಿ ಒಂದೇ ಕಡೆ ಸವೆದಿದೆ ನೋಡು, ನಿಮ್ಮ ಮಾವಂದೇ. ಬಸ್ಸಿಳಿದು ನಡಕೊಂಡೇ ಬಂದಿದಾನೆ." ಒಳಗೆ ಹೋಗಿ ಇನ್ನೊಂದು ಪಾವು ಅಕ್ಕಿ ಹಾಕುವಳು. ತಪ್ಪಿದ್ದು ಕಡಿಮೆ.

ಅಮ್ಮನ ಈ ವಿದ್ಯೆ ನೆನಪಾದದ್ದು ಮೇರಿ ಫಾರ್ಚೂನ್ ಬಗ್ಗೆ ಓದುವಾಗ. ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿ, ಕೆನಡಾದಲ್ಲಿ ಮದುವೆಯಾಗಿ, 1855ರಲ್ಲಿ ಪುಟ್ಟ ಮಗನನ್ನು ಕರೆದುಕೊಂಡು ಆಸ್ಟ್ರೇಲಿಯಾದ ಚಿನ್ನದ ಗಣಿಗಳ ಕಡೆ ಬಂದವಳು. ಆಮೇಲೆ 'ಆಸ್ಟ್ರೇಲಿಯನ್ ಜರ್ನಲ್' ಎಂಬ ಮೆಲ್ಬರ್ನ್ ಪತ್ರಿಕೆಗೆ 1868ರಿಂದ ಸುಮಾರು 40 ವರ್ಷ ಪತ್ತೇದಾರಿ ಕಥೆಗಳ ಮಾಲೆ ಬರೆದಳು. ಒಟ್ಟು 500ಕ್ಕೂ ಜಾಸ್ತಿ! ಕಥೆ ಹೇಳುವವನು ಮಾರ್ಕ್ ಸಿಂಕ್ಲೇರ್ ಎಂಬ ಪತ್ತೇದಾರ. ಬರೆದವರ ಹೆಸರಿನ ಜಾಗದಲ್ಲಿ ಬರೀ 'ಡಬ್ಲ್ಯೂ. ಡಬ್ಲ್ಯೂ.' ಅದು 'ವೇಫ್ ವಾಂಡರ್' ಎಂಬುದರ ಚುಟುಕು. ದಿಕ್ಕಿಲ್ಲದ ಅಲೆಮಾರಿ ಅಂತ ಅರ್ಥ.

ಪೊಲೀಸರ ವಿಷಯ ಅವಳಿಗೆ ಹೇಗೆ ಗೊತ್ತು? 1858ರಲ್ಲಿ ಒಬ್ಬ ಕುದುರೆ ಪೊಲೀಸನನ್ನು ಮದುವೆಯಾಗಿದ್ದಳು. ಕೆನಡಾದಲ್ಲಿ ಮೊದಲ ಗಂಡ ಇನ್ನೂ ಬದುಕಿದ್ದ, ಅದು ಬೇರೆ ಮಾತು. ಈ ಸಂಸಾರವೂ ಬಹಳ ದಿನ ನಡೆಯಲಿಲ್ಲ. ಇತ್ತ ಅವಳ ಎರಡನೇ ಮಗ ಜಾರ್ಜ್ ದೊಡ್ಡವನಾಗಿ ಕಳ್ಳತನಕ್ಕಿಳಿದು ಜೈಲು ಸೇರಿದ. ಬೇರೆಯವರ ಮನೆಯಲ್ಲಿ ಮಕ್ಕಳು ಆಡುವ ಕಳ್ಳ-ಪೊಲೀಸ್ ಆಟವನ್ನು ಇವಳ ಮನೆಯಲ್ಲಿ ದೊಡ್ಡವರೇ ಆಡಿದ್ದರು.

1874ರಲ್ಲಿ ಮೆಲ್ಬರ್ನ್ ಪೊಲೀಸರು ಒಂದು ಕೇಸಿನ ಸಾಕ್ಷಿಗಾಗಿ ಅವಳನ್ನೇ ಹುಡುಕಿದರು. ಅವರ ಗೆಜೆಟ್‌ನಲ್ಲಿ ಗುರುತು ಕೊಟ್ಟಿದ್ದಾರೆ: ವಯಸ್ಸು 40, ಎತ್ತರ, ಸಣಕಲು ಮೈ, ಬಿಳಿಚಿದ ಮುಖ, ಕಪ್ಪು ಟೋಪಿ, ಕಾಲಲ್ಲಿ ಹಳೇ ಬೂಟು. ಕುಡಿತ ಜಾಸ್ತಿ ಅಂತಲೂ ಸೇರಿಸಿದ್ದಾರೆ. ನನಗೆ ಆ ಹಳೇ ಬೂಟು ತಲೆಯಿಂದ ಹೋಗುತ್ತಲೇ ಇಲ್ಲ. ತಿಂಗಳು ತಿಂಗಳು ಪತ್ತೇದಾರನ ಕೈಲಿ ಊರವರನ್ನೆಲ್ಲ ಅಳೆಸಿದವಳನ್ನು ಪೊಲೀಸರು ಬೂಟಿನ ತನಕ ಅಳೆದು ಅಚ್ಚು ಹಾಕಿಸಿದ್ದರು. 1911ರಲ್ಲಿ ಸತ್ತಳು. ಡಬ್ಲ್ಯೂ. ಡಬ್ಲ್ಯೂ. ಅಂದರೆ ಯಾರು ಎಂದು ಒಬ್ಬ ಪುಸ್ತಕ ಸಂಗ್ರಾಹಕರು ಪತ್ತೆ ಮಾಡಿದ್ದು 1950ರ ದಶಕದಲ್ಲಿ. ಸಮಾಧಿ ಸಿಕ್ಕಿದ್ದಂತೂ ಮೊನ್ನೆ ಮೊನ್ನೆ, ಅದೂ ಬೇರೆ ಯಾರದೋ ಜಾಗದಲ್ಲಿ.

ಇವಳಿಗಿಂತ ಮೊದಲೇ, 1865ರಲ್ಲಿ, ಅದೇ ಪತ್ರಿಕೆಯಲ್ಲಿ ಎಲೆನ್ ಡೆವಿಟ್ ಎಂಬ ಶಾಲಾ ಮೇಡಂ ಕೊಲೆಯ ಧಾರಾವಾಹಿ ಬರೆದಿದ್ದರು. ಪತ್ತೇದಾರಿ ಕಥೆ ಬರೆಯುವ, ಓದುವ ಅಲ್ಲಿನ ಹೆಂಗಸರ 'ಸಿಸ್ಟರ್ಸ್ ಇನ್ ಕ್ರೈಮ್' ಸಂಘ ವರ್ಷ ವರ್ಷ ಡೆವಿಟ್ ಹೆಸರಲ್ಲಿ ಪುಸ್ತಕಗಳಿಗೆ ಪ್ರಶಸ್ತಿ ಕೊಡುತ್ತದೆ. ಸಣ್ಣಕಥೆಗೆ ಕೊಡುವುದು ಮಾತ್ರ ಬೇರೆ, ಅದೇ ನನಗೆ ಇಷ್ಟ: ಒಂದು ಕೆಂಪು ಹೈ ಹೀಲ್ಡ್ ಚಪ್ಪಲಿ. ಅದರ ಉಕ್ಕಿನ ಹಿಮ್ಮಡಿ ಪೀಠಕ್ಕೆ ಚೂರಿಯ ಹಾಗೆ ಚುಚ್ಚಿಕೊಂಡಿರುತ್ತದೆ. ಆ ತರಹದ ಹಿಮ್ಮಡಿಗೆ ಹೆಸರು ಸ್ಟಿಲೆಟೊ. ಇಟಲಿಯವರ ಮಾತಿನಲ್ಲಿ ಸಣ್ಣ ಬಾಕು.

ಒಂದೇ ಕಾಲಿನದು ಕೊಡ್ತಾರಾ ಅಂತ ನಮ್ಮಮ್ಮ ಕೇಳಿಯೇ ಕೇಳುತ್ತಿದ್ದಳು. ಹೌದು, ಒಂದೇ. ಎರಡು ಸಲ ಗೆದ್ದರೆ ಜೋಡಿ ಆಗುತ್ತದೆ. ಆಮೇಲೆ ಸ್ಪರ್ಧೆಗೆ ಕಥೆ ಕಳಿಸುವ ಹಾಗಿಲ್ಲ, ತೀರ್ಪುಗಾರರ ಕುರ್ಚಿಯಲ್ಲಿ ಕೂರಬೇಕು. ಕೇಟ್ ಕೆನಡಿ ಎಂಬುವರು 1994, 1995, ಮೊದಲ ಎರಡೂ ವರ್ಷ ಗೆದ್ದು ಜೋಡಿ ಮಾಡಿಕೊಂಡುಬಿಟ್ಟರು.

ಆದರೆ ಆ ಚಪ್ಪಲಿಯನ್ನು ಅಮ್ಮನ ಮುಂದೆ ಇಟ್ಟಿದ್ದರೆ ಸುಮ್ನೆ ಪಕ್ಕಕ್ಕೆ ಸರಿಸುತ್ತಿದ್ದಳೇನೋ. ಹಿಮ್ಮಡಿ ಸವೆದೇ ಇಲ್ಲ, ಓದುವುದಕ್ಕೆ ಏನಿದೆ? ಆ ಹಳೇ ಬೂಟು ಬಾಗಿಲಲ್ಲಿ ಕಂಡಿದ್ದರೆ ಮಾತ್ರ, ಏನೂ ಕೇಳದೆ ಇನ್ನೊಂದು ಪಾವು ಅಕ್ಕಿ ಹಾಕುತ್ತಿದ್ದಳು.