ಸೊಸೆವೂರಿಗೂ ಒಂದು ಕಟ್ಟು ಬೇಕು

ಈ ಸಲ ರಜೆಗೆ ಊರಿಗೆ ಬಂದಾಗ ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂಬ ಊರಿಗೆ ಹೋಗಿ ವಾಸಂತಿಕೆಯ ಗುಡಿಯ ಮುಂದೆ ಅರ್ಧ ದಿನ ಕುಳಿತಿದ್ದೆ. ಅಷ್ಟು ಹೊತ್ತಿನಲ್ಲಿ ಅಲ್ಲಿಗೆ ಬಂದದ್ದು ಹರಕೆ ಒಪ್ಪಿಸುವ ಒಂದು ಕುಟುಂಬ, ಮತ್ತೆ ದಾರಿ ತಪ್ಪಿದ ಒಂದು ಕಾರು. ಕಾರಿನ ಹುಡುಗರು ದೇವರಮನೆ ಗುಡ್ಡಕ್ಕೆ ಹೇಗೆ ಹೋಗಬೇಕೆಂದು ಕೇಳಿದರು. ದಾರಿ ಹೇಳಿ, ನೀವು ನಿಂತಿರುವುದು ಹೊಯ್ಸಳರ ಮೂಲನೆಲೆಯಲ್ಲಿ ಎಂದೆ. ಎಂಜಿನ್ ಆರಿಸಿ ಇಳಿದು ಬಂದರು. ಬಸದಿಗಳವರೆಗೂ ನನ್ನ ಜೊತೆ ನಡೆದರು. ಕಾಫಿ ಗಿಡಗಳ ನಡುವೆ ಕಲ್ಲಿನ ತೀರ್ಥಂಕರರನ್ನು ಕಂಡು ಅವರು ಮಾತು ನಿಲ್ಲಿಸಿದ್ದು ನನಗೆ ಇನ್ನೂ ನೆನಪಿದೆ. ಬರುವವರಿಗೆ ಮನಸ್ಸಿಲ್ಲ ಎಂದು ನಾವು ಸುಮ್ಮನೆ ದೂರುತ್ತೇವೆ. ಹೇಳುವವರು ಇಲ್ಲ, ಅಷ್ಟೇ.

ಶಾಸನಗಳ ಸೊಸೆವೂರು, ಶಶಕಪುರ ಇದೇ ಊರು. ಸುದತ್ತ ಮುನಿ ‘ಹೊಯ್ ಸಳ’ ಎಂದದ್ದು, ಸಳ ಹುಲಿಯನ್ನು ಹೊಡೆದದ್ದು ಇಲ್ಲಿಯೇ ಎಂಬ ಕಥೆಯನ್ನು ಶಾಲೆಯಲ್ಲಿ ಓದದ ಕನ್ನಡಿಗರಿಲ್ಲ. ಕಥೆ ಕಥೆಯಾಗಿಯೇ ಇರಲಿ. ಆ ಮನೆತನ ಈ ಮಲೆಯಿಂದ ಎದ್ದದ್ದಂತೂ ನಿಜ. ‘ಮಲೆಪರೊಳ್ ಗಂಡ’, ಅಂದರೆ ಮಲೆಯ ನಾಯಕರಲ್ಲಿ ಗಂಡುಗಲಿ, ಎಂಬ ಬಿರುದನ್ನು ಅವರು ಬಯಲಿಗೆ ಇಳಿದ ಮೇಲೂ ಬಿಡಲಿಲ್ಲ. ಇಲ್ಲಿಂದ ಬೇಲೂರು, ಅಲ್ಲಿಂದ ಇಂದಿನ ಹಳೇಬೀಡಾದ ದೋರಸಮುದ್ರ. 1117ರಲ್ಲಿ ವಿಷ್ಣುವರ್ಧನ ಬೇಲೂರಿನಲ್ಲಿ ದೇವರನ್ನು ನಿಲ್ಲಿಸುವ ಹೊತ್ತಿಗೆ ಸೊಸೆವೂರು ತವರುಮನೆಯಾಗಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಸುದ್ದಿಯನ್ನು ನಗೋಯಾದ ರೈಲಿನಲ್ಲಿ ಓದಿ ಕಣ್ಣು ತುಂಬಿ ಬಂದಿತ್ತು. ತವರಿನ ಹೆಸರು ಅದರಲ್ಲಿ ಇರಲಿಲ್ಲ.

ನಾನು ಜಪಾನಿನಲ್ಲಿ ನೆಲೆಸಿ ಹನ್ನೊಂದು ವರ್ಷವಾಯಿತು. ಊರಿನ ನೆನಪು ಹೆಚ್ಚಾದಾಗ ನಗೋಯಾದಿಂದ ಬಸ್ ಹತ್ತಿ ಶಿರಕಾವಾಗೋಗೆ ಹೋಗುತ್ತೇನೆ. ಗಿಫು ಪ್ರಾಂತದ ಬೆಟ್ಟಗಳ ನಡುವೆ, ಹೊಳೆಯ ದಂಡೆಯಲ್ಲಿರುವ ಹಳ್ಳಿ ಅದು. ಚಳಿಗಾಲದಲ್ಲಿ ಆಳೆತ್ತರಕ್ಕೆ ಹಿಮ ಬೀಳುತ್ತದೆ. ಅದು ಜಾರಿ ಬೀಳಲೆಂದೇ ಹುಲ್ಲಿನ ಚಾವಣಿಗಳನ್ನು ಕೈ ಮುಗಿದಂತೆ ಕಡಿದಾಗಿ ಕಟ್ಟಿದ್ದಾರೆ. ಆ ಶೈಲಿಯ ಹೆಸರಿನ ಅರ್ಥವೂ ಅದೇ, ಮುಗಿದ ಕೈ. ಚಾವಣಿಯ ಮರಗಳನ್ನು ಮೊಳೆ ಹೊಡೆಯದೆ ಹಗ್ಗದಿಂದ, ಬಳ್ಳಿಯಂತೆ ಬಾಗುವ ಎಳೆಯ ಕೊಂಬೆಗಳಿಂದ ಬಿಗಿದಿದ್ದಾರೆ. ಅಟ್ಟದಲ್ಲಿ ಹಿಂದೆ ರೇಷ್ಮೆಹುಳು ಸಾಕುತ್ತಿದ್ದರು. ಮೊದಲ ಸಲ ಆ ಅಟ್ಟ ಹತ್ತಿದಾಗ ಒಲೆಯ ಹೊಗೆ ಕುಡಿದ ಕಪ್ಪು ತೊಲೆಗಳ ವಾಸನೆಗೆ ನಮ್ಮ ಅಜ್ಜಿಯ ಮನೆಯ ಅಟ್ಟವೇ ಎದುರು ಬಂದು ನಿಂತಿತು.

ಆ ಹುಲ್ಲನ್ನು 30–40 ವರ್ಷಕ್ಕೊಮ್ಮೆ ಬದಲಿಸಬೇಕು. ಒಂದು ಮನೆಯವರು ತಾವಾಗಿಯೇ ಮಾಡುವ ಕೆಲಸವಲ್ಲ. ಒಂದು ವಸಂತದಲ್ಲಿ ನಾನು ಹೋದಾಗ ಒಂದೇ ಚಾವಣಿಯ ಮೇಲೆ ನೂರಕ್ಕೂ ಹೆಚ್ಚು ಜನ ಸಾಲುಸಾಲಾಗಿ ನಿಂತು ಹುಲ್ಲು ಹೊದಿಸುತ್ತಿದ್ದರು. ಕೆಳಗೆ ಹೆಂಗಸರು ದೊಡ್ಡ ಪಾತ್ರೆಗಳಲ್ಲಿ ಅಡುಗೆ ಮಾಡುತ್ತಿದ್ದರು. ಇದಕ್ಕೆ ಏನೆನ್ನುತ್ತೀರಿ ಎಂದು ಪಕ್ಕದಲ್ಲಿ ನಿಂತಿದ್ದ ಹಿರಿಯರನ್ನು ಕೇಳಿದೆ. ‘ಯುಯಿ’ ಎಂದರು. ನನ್ನ ಕಿವಿಗೆ ಅದು ‘ಮುಯ್ಯಿ’ ಎಂದೇ ಕೇಳಿಸಿತು. ಎರಡು ಮಾತಿಗೂ ನಂಟಿಲ್ಲ ಎಂಬುದು ಗೊತ್ತು. ಆದರೆ ಕೆಲಸ ಒಂದೇ. ಇವತ್ತು ನಿನ್ನ ಗದ್ದೆಯ ನಾಟಿಗೆ ನಮ್ಮ ಮನೆಯ ಇಬ್ಬರು, ನಾಡಿದ್ದು ನಮ್ಮ ಗದ್ದೆಗೆ ನಿಮ್ಮ ಮನೆಯ ಇಬ್ಬರು. ದುಡ್ಡಿನ ಮಾತೇ ಇಲ್ಲ. ನನ್ನ ಬಾಲ್ಯದ ಮಲೆನಾಡು ನಿಂತಿದ್ದು ಮುಯ್ಯಾಳಿನ ಮೇಲೆ. ಯುಯಿ ಎಂದರೆ ಕಟ್ಟುವುದು, ಗಂಟು ಹಾಕುವುದು ಎಂದೂ ಆ ಹಿರಿಯರು ಬಿಡಿಸಿ ಹೇಳಿದರು. ನಮ್ಮಲ್ಲಿಯೂ ಊರಿನವರು ಸೇರಿ ಮಾಡಿಕೊಂಡ ನಿಯಮಕ್ಕೆ ‘ಕಟ್ಟು’ ಎಂದೇ ಅನ್ನುತ್ತೇವಲ್ಲ ಎಂದು ಬಸ್ಸಿನಲ್ಲಿ ಹಿಂದಿರುಗುವಾಗ ಹೊಳೆಯಿತು.

ಆ ಹಳ್ಳಿ ಪುಣ್ಯದಿಂದ ಉಳಿದದ್ದಲ್ಲ. 1961ರಲ್ಲಿ ಮಿಬೊರೊ ಅಣೆಕಟ್ಟು ಎದ್ದಾಗ ಆ ಕಣಿವೆಯ ಎಷ್ಟೋ ಮನೆಗಳು ನೀರಿನಡಿ ಸೇರಿದವು. ಹೇಮಾವತಿಯ ಹಿನ್ನೀರಿನಲ್ಲಿ ಊರು ಕಳೆದುಕೊಂಡ ನಮ್ಮ ಹಾಸನದ ಕಡೆಯವರಿಗೆ ಆ ಸಂಕಟವನ್ನು ವಿವರಿಸಬೇಕಾಗಿಲ್ಲ. ಉಳಿದ ಮನೆಗಳಲ್ಲಿ ಕೆಲವನ್ನು ಬಿಚ್ಚಿ ಪಟ್ಟಣದವರಿಗೆ ಮಾರಿದರು. ಆಗ ಓಗಿಮಾಚಿ ಎಂಬ ಕೇರಿಯ ಜನ 1971ರಲ್ಲಿ ಒಟ್ಟು ಕೂತು ಮೂರು ಮಾತು ಕೊಟ್ಟುಕೊಂಡರು: ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡವುವುದಿಲ್ಲ. ವಿಶ್ವ ಪರಂಪರೆಯ ಗೌರವ ಬಂದದ್ದು 1995ರಲ್ಲಿ. ಈ ಕ್ರಮವನ್ನು ನಮ್ಮವರು ಗಮನಿಸಬೇಕು ಎಂಬುದೇ ನನ್ನ ಆಸೆ. ಮೊದಲು ಊರು ಮಾತು ಕೊಟ್ಟಿತು, ಆಮೇಲೆ ಲೋಕ ಬಂದಿತು.

ಅಲ್ಲಿ ಎಲ್ಲವೂ ಸರಿಯಾಗಿದೆ ಎಂದು ನಾನು ಹೇಳಲಾರೆ. 1,500ರ ಆಸುಪಾಸು ಜನರಿರುವ ಆ ಗ್ರಾಮಕ್ಕೆ ವರ್ಷಕ್ಕೆ 15 ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಬರುತ್ತಾರೆ. ಯಾರದೋ ಅಂಗಳಕ್ಕೆ ನುಗ್ಗಿ ಚಿತ್ರ ತೆಗೆಯುವವರು ಅಲ್ಲಿಯೂ ಇದ್ದಾರೆ. ಎಲ್ಲ ಚಾವಣಿಗೂ ಈಗ ಯುಯಿ ನಡೆಯುವುದಿಲ್ಲ, ಕುಶಲಿಗಳಿಗೆ ಹಣ ಕೊಟ್ಟು ಮಾಡಿಸುವುದೂ ಉಂಟು. ಚಳಿಗಾಲದ ದೀಪೋತ್ಸವಕ್ಕೆ ಜನ ಕಿಕ್ಕಿರಿದಾಗ ಮುಂಗಡ ಕಾಯ್ದಿರಿಸದೆ ಬರುವಂತಿಲ್ಲ ಎಂದು ಮಾಡಿದರು. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಯ ಕಡೆಗೆ ಹೋಗುವ ವಾಹನಗಳಿಗೆ ನಮ್ಮ ಜಿಲ್ಲಾಡಳಿತ 2025ರಲ್ಲಿ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿದಾಗ ನಾನು ಸಂತೋಷಪಟ್ಟೆ. ಗಿರಿ ಉಸಿರಾಡಲಿ. ಆದರೆ ಆ ನಿಯಮ ಕಚೇರಿಯಿಂದ ಬಂದದ್ದು. ಕಚೇರಿ ವಾಹನಗಳನ್ನು ಎಣಿಸಬಲ್ಲದು. ಯಾವ ಮನೆ ಮಾರಾಟಕ್ಕಿದೆ, ಯಾವ ತೋಡಿಗೆ ಹೋಂಸ್ಟೇ ಒಂದರ ಕೊಳಚೆ ಇಳಿಯುತ್ತಿದೆ, ಯಾವ ಬನದ ಪಕ್ಕದಲ್ಲಿ ರಾತ್ರಿಯಿಡೀ ಧ್ವನಿವರ್ಧಕ ಕೂಗುತ್ತಿದೆ ಎಂಬುದು ಊರಿಗೆ ಮಾತ್ರ ಗೊತ್ತಿರುತ್ತದೆ.

ಊರಿಗೆ ಅದು ಹೊಸ ವಿದ್ಯೆಯೂ ಅಲ್ಲ. ನಮ್ಮ ಕಡೆ ಸುಗ್ಗಿ ಹಬ್ಬಕ್ಕೆ ಸಾರು ಹಾಕಿದರೆಂದರೆ, ಅಂದರೆ ಹಬ್ಬವನ್ನು ಊರಿಗೆಲ್ಲ ಸಾರಿದರೆಂದರೆ, ಮುಗಿಯಿತು, ಆ ದಿನಗಳಲ್ಲಿ ಹಸಿ ಮರಕ್ಕೆ ಕತ್ತಿ ತಾಗಿಸುವಂತಿರಲಿಲ್ಲ. ನಮ್ಮ ಮನೆಯಲ್ಲಿ ಒಗ್ಗರಣೆಯ ಸದ್ದೂ ಏಳುತ್ತಿರಲಿಲ್ಲ. ಪೊಲೀಸರಿಲ್ಲ, ದಂಡದ ರಸೀದಿಯಿಲ್ಲ. ಊರದೇವರ ಹೆಸರಿನಲ್ಲಿ ಊರೇ ಕಟ್ಟು ಹಾಕಿಕೊಂಡು ಊರೇ ನಡೆಸುತ್ತಿತ್ತು. ಅದೇ ಕೂಟದಲ್ಲಿ, ಅದೇ ದೇವರ ಮುಂದೆ, ಇನ್ನು ನಾಲ್ಕು ಮಾತು ಸೇರಿಸಲು ಯಾರು ಬೇಡ ಎನ್ನುತ್ತಾರೆ? ಹಳೆಯ ಮನೆಯನ್ನು ಹೊರಗಿನವರಿಗೆ ಮಾರುವ ಮುನ್ನ ಊರಿಗೆ ತಿಳಿಸಬೇಕು. ರಾತ್ರಿ ಹತ್ತರ ಮೇಲೆ ಸದ್ದು ಕೂಡದು. ಬಂದವರನ್ನು ಬಸದಿಗೆ, ಗುಡಿಗೆ ಕರೆದೊಯ್ದು ಕಥೆ ಹೇಳಲು ಊರಿನ ಮಕ್ಕಳನ್ನೇ ತಯಾರು ಮಾಡಬೇಕು, ಆ ಕೂಲಿ ಅವರಿಗೇ ಸಿಗಬೇಕು. ಅಕ್ಕಿ ರೊಟ್ಟಿ, ಕಳಲೆ ಪಲ್ಯ, ಪತ್ರೊಡೆ ಉಣ್ಣಿಸುವ ಮನೆಗಳು ಇರಲಿ. ಹೋಂಸ್ಟೇ ಬೇಡ ಎಂದು ನಾನು ಹೇಳುತ್ತಿಲ್ಲ. ಕಾಫಿಯ ಬೆಲೆ ಬಿದ್ದ ವರ್ಷಗಳಲ್ಲಿ ಎಷ್ಟೋ ಸಂಸಾರಗಳನ್ನು ಕಾದದ್ದು ಅದೇ. ಆ ಮನೆಯಲ್ಲಿ ಮನೆಯವರು ಇರಬೇಕು ಎಂಬುದಷ್ಟೇ ನನ್ನ ಹಟ. ಯಜಮಾನ ಬೆಂಗಳೂರಿನಲ್ಲಿದ್ದು, ಬೀಗದ ಕೈ ಕಾವಲುಗಾರನ ಬಳಿ ಇರುವ ಮನೆ ಬಂದವರಿಗೆ ಏನು ಹೇಳೀತು?

ದೂರದಲ್ಲಿದ್ದು ಉಪದೇಶ ಮಾಡುವುದು ಸುಲಭ ಎಂದು ಓದುವವರಿಗೆ ಅನ್ನಿಸಬಹುದು. ನ್ಯಾಯವಾದ ಮಾತು. ನಮ್ಮ ಮನೆಗೂ ಹೋದ ವರ್ಷ ಗಿರಾಕಿ ಬಂದಿದ್ದರು. ಅಪ್ಪ ತೀರಿಕೊಂಡ ಮೇಲೆ ಮನೆಗೆ ಬೀಗ ಬಿದ್ದಿತ್ತು, ಹಿಂಬದಿಯ ಚಾವಣಿಯ ಪಕಾಸಿಗಳಿಗೆ ಗೆದ್ದಲು ಹಿಡಿದಿತ್ತು. ಅವರು ಹೇಳಿದ ಬೆಲೆ ಕೇಳಿ ನಾನು ಮೂರು ರಾತ್ರಿ ನಿದ್ದೆ ಮಾಡಲಿಲ್ಲ. ಕೊನೆಗೆ ಕೊಡುವುದಿಲ್ಲ ಎಂದೆ. ತಂಗಿ ಮೂಡಿಗೆರೆಯಿಂದ ಬಂದು ಅಲ್ಲಿ ಇರಲು ಒಪ್ಪಿದ್ದಾಳೆ.

ಏಪ್ರಿಲ್‌ನಲ್ಲಿ ಮಳೆಗೆ ಮುಂಚೆ ಹಂಚುಗಳನ್ನೆಲ್ಲ ಇಳಿಸಿ, ತೊಳೆದು, ಒಡೆದದ್ದನ್ನು ಬದಲಿಸಿ ಮತ್ತೆ ಹೊದಿಸಬೇಕು. ಗುತ್ತಿಗೆಗೆ ಕೊಡೋಣ ಎಂದಳು ತಂಗಿ. ಬೇಡ, ಮುಯ್ಯಾಳು ಕೇಳೋಣ ಎಂದೆ. ಆ ಮಾತು ಕೇಳಿ ಎಷ್ಟು ವರ್ಷವಾಯಿತು ಎಂದು ನೆರೆಮನೆಯ ಅಜ್ಜಿ ನನ್ನ ಕೈ ಹಿಡಿದುಕೊಂಡರು. ನಾಲ್ಕು ಮನೆಯವರು ಬರುತ್ತೇವೆ ಎಂದಿದ್ದಾರೆ. ಅವರಿಗೆ ನಾನು ತಿರುಗಿ ಕೊಡಬೇಕಾದ ಎಂಟು ಆಳಿನ ಲೆಕ್ಕವನ್ನು ಅಪ್ಪನ ಹಳೆಯ ಡೈರಿಯಲ್ಲೇ ಬರೆದಿಟ್ಟು ಬಂದಿದ್ದೇನೆ.